ಡಿಹೈಡ್ರೇಟರ್ ಜೊತೆ ಮೂರು ಮಳೆಗಾಲ

ನಮ್ಮ ಎಫ್‌ಎಂ ಟ್ರಾನ್ಸ್‌ಮಿಟರ್ ಕೋಣೆಗೆ ಈ ಡಿಹೈಡ್ರೇಟರ್, ಅಂದರೆ ಆಂಟೆನಾ ಕೇಬಲ್‌ನೊಳಗೆ ಒಣ ಗಾಳಿ ತುಂಬುವ ಯಂತ್ರ, ಬಂದು ಮೂರು ಮಳೆಗಾಲ ಕಳೆಯಿತು. ಮೊದಲು ತೇವ ಸೇರದಿರಲಿ ಅಂತ ಆ ಕೇಬಲ್‌ಗೆ ನೈಟ್ರೋಜನ್ ತುಂಬುತ್ತಿದ್ದೆವು. ಸಿಲಿಂಡರ್ ಯಾವಾಗ ಖಾಲಿಯಾಗುತ್ತದೋ ಅನ್ನೋ ಚಿಂತೆ, ಖಾಲಿಯಾದರೆ ಇಬ್ಬರು ಸೇರಿ ಹೊಸದನ್ನು ಹೊತ್ತು ತರುವ ಪಾಡು. ಅದು ತಪ್ಪಿತಲ್ಲ, ಅಷ್ಟಕ್ಕೇ ಅರ್ಧದಷ್ಟು ಅಂಕ ಕೊಟ್ಟುಬಿಡುತ್ತೇನೆ.

ನಿಮ್ಮದು ಒಳಗೆ ಫೋಮ್ ತುಂಬಿದ ಕೇಬಲ್ ಆದರೆ ಇದು ಬೇಡ, ಸುಮ್ನೆ ಖರ್ಚು. ಒಳಗೆ ಗಾಳಿ ಇರುವ ಕೇಬಲ್‌ನ ಕಥೆ ಬೇರೆ. ಹಗಲು ಬಿಸಿಯಾಗಿ ರಾತ್ರಿ ತಣ್ಣಗಾಗುವಾಗ ಅದು ಉಸಿರಾಡುತ್ತದೆ. ಎಲ್ಲೋ ಒಂದು ಕೂದಲೆಳೆಯಷ್ಟು ಸಂದಿ ಸಿಕ್ಕರೂ ಹೊರಗಿನ ತೇವ ಒಳಗೆ ಬರುತ್ತದೆ. ಆಮೇಲೆ ರಿಫ್ಲೆಕ್ಟೆಡ್ ಪವರ್, ಅಂದರೆ ಆಂಟೆನಾದಿಂದ ಹೊರಡದೆ ಟ್ರಾನ್ಸ್‌ಮಿಟರ್ ಕಡೆಗೇ ವಾಪಸ್ ಬರುವ ಶಕ್ತಿ, ಏರುತ್ತದೆ, ಕೊನೆಗೆ ಒಳಗೇ ಕಿಡಿ ಹಾರಿ ಕೇಬಲ್ ಸುಡುತ್ತದೆ. ಒಣ ಗಾಳಿ ಒತ್ತಡದಲ್ಲಿ ತುಂಬಿದ್ದರೆ ಸಂದಿಯಿಂದ ಗಾಳಿ ಹೊರಗೆ ಹೋಗುತ್ತದೆಯೇ ಹೊರತು ತೇವ ಒಳಗೆ ಬರುವುದಿಲ್ಲ.

ಸೈಟಿಗೆ ಹೋದ ಕೂಡಲೇ ನಾನು ಮೊದಲು ನೋಡುವುದು ಇದರ ಒತ್ತಡ ತೋರಿಸುವ ಗೇಜ್. 3 ಪಿಎಸ್‌ಐ ಹತ್ತಿರ ಮುಳ್ಳು ನಿಂತಿದ್ದರೆ ಮನಸ್ಸಿಗೆ ನೆಮ್ಮದಿ. ಬೆಳಗಿನ ಚಳಿಗೆ ಅರ್ಧ ಪಿಎಸ್‌ಐ ಇಳಿದಿದ್ದರೆ ಗಾಬರಿ ಬೇಡ, ತಣ್ಣಗಾದ ಗಾಳಿ ಕುಗ್ಗಿರುತ್ತದೆ ಅಷ್ಟೇ. ಆಮೇಲೆ ಗಾಳಿಯ ತೇವ ಹೀರುವ ಸಿಲಿಕಾ ಜೆಲ್ ಕಾಳಿನ ಪುಟ್ಟ ಕಿಟಕಿ. ಕಾಳು ಕಿತ್ತಳೆ ಬಣ್ಣದಲ್ಲಿದ್ದರೆ ಒಣಗಿದೆ, ಹಸಿರಾಗಿದ್ದರೆ ತೇವ ಕುಡಿದಿದೆ. ಮಳೆ ಶುರುವಾಗುವ ಮುಂಚೆ ಕಾಳನ್ನು ತಟ್ಟೆಯಲ್ಲಿ ಹರವಿ ಓವನ್‌ನಲ್ಲಿ ಒಣಗಿಸುತ್ತೇನೆ. ಹಸಿರು ನಿಧಾನಕ್ಕೆ ಮತ್ತೆ ಕಿತ್ತಳೆಯಾಗುವುದನ್ನು ನೋಡೋದೇ ಒಂದು ಖುಷಿ.

ಎರಡನೇ ವರ್ಷ ಮಾತ್ರ ಇದರ ಮೇಲೆ ಸಿಟ್ಟು ಬಂದಿತ್ತು. ಗಾಳಿ ತುಂಬಲು ದಿನಕ್ಕೆ ಎರಡೇ ಸಲ ಓಡುತ್ತಿದ್ದ ಇದರ ಕಂಪ್ರೆಸರ್ 20 ನಿಮಿಷಕ್ಕೊಮ್ಮೆ ಗುರ್ ಅನ್ನತೊಡಗಿತು. ಯಂತ್ರವೇ ಕೆಟ್ಟಿದೆ ಅಂತ ತೀರ್ಮಾನಿಸಿ ವಾಪಸ್ ಕಳಿಸುವ ಪತ್ರವನ್ನೂ ಬರೆದಿಟ್ಟಿದ್ದೆ. ಕಳಿಸುವ ಮುಂಚೆ ಒಂದು ರಾತ್ರಿ ಪ್ರಸಾರ ಮುಗಿದ ಮೇಲೆ ಟ್ರಾನ್ಸ್‌ಮಿಟರ್ ಆಫ್ ಮಾಡಿ, ಬ್ರೇಕರ್‌ಗೆ ಬೀಗ ಹಾಕಿ, ಪ್ರತಿ ಜಾಯಿಂಟ್‌ಗೂ ಸೋಪಿನ ನೀರು ಹಚ್ಚಿದೆ. ಕೇಬಲ್ ಗೋಡೆ ದಾಟಿ ಹೊರಗೆ ಬರುವ ಜಾಗದ ಫ್ಲೇಂಜ್ ಜಾಯಿಂಟ್‌ನಲ್ಲಿ ಸಾಸಿವೆಯಷ್ಟು ಗುಳ್ಳೆಗಳು ಒಂದರ ಹಿಂದೆ ಒಂದು ಎದ್ದವು. ಒತ್ತಡ ಇಳಿಸಿ ಬಿಚ್ಚಿದರೆ ಗಾಳಿ ಸೋರದಂತೆ ತಡೆಯುವ ಒಳಗಿನ ರಬ್ಬರ್ ಬಳೆ, ಅಂದರೆ ಓ-ರಿಂಗ್, ಚಪ್ಪಟೆಯಾಗಿ, ಒಂದು ಕಡೆ ಸೀಳಿತ್ತು. ಹೊಸದು ಹಾಕಿದ ಮೇಲೆ ಕಂಪ್ರೆಸರ್ ಮತ್ತೆ ದಿನಕ್ಕೆ ಎರಡು ಸಲ. ಪಾಪ, ಇದು ಅಷ್ಟು ದಿನ ಇರುವ ವಿಷಯವನ್ನೇ ಹೇಳುತ್ತಿತ್ತು. ಆ ಪತ್ರವನ್ನು ಹರಿದು ಹಾಕಿದೆ.

ಆದರೂ ಒಂದು ಕೊರತೆ ಹೇಳಲೇಬೇಕು. ಅಲಾರಂ ಬರುವುದು ಒತ್ತಡ ಪೂರ್ತಿ ಇಳಿದ ಮೇಲೆ ಮಾತ್ರ. ಸೋರಿಕೆ ಸಣ್ಣದಿರುವಾಗ ಕಂಪ್ರೆಸರ್ ಜಾಸ್ತಿ ಓಡಿ ಒತ್ತಡ ಕಾಪಾಡುತ್ತದೆ. ಹಾಗಾಗಿ ದೂರದಲ್ಲಿ ಕೂತವರಿಗೆ ಏನೂ ಗೊತ್ತಾಗುವುದಿಲ್ಲ. ನಮ್ಮಂಥ ಸಣ್ಣ ಸ್ಟೇಷನ್‌ನಲ್ಲಿ ಸೈಟಿಗೆ ದಿನಾ ಹೋಗಲು ಆಗಲ್ಲ ಅಲ್ವಾ? ಇದಕ್ಕಿಂತ ದೊಡ್ಡ ಮಾಡೆಲ್ ಕೊಳ್ಳೋಣ ಅಂದರೆ ನಮ್ಮ ಬಜೆಟ್ ಸಾಲದು. ಅದಕ್ಕೇ ಕಂಪ್ರೆಸರ್‌ನ ಕರೆಂಟ್ ಲೈನಿಗೆ ಒಂದು ರಿಲೇ, ಅಂದರೆ ಕರೆಂಟ್ ಬಂದಾಗ ತಾನೇ ಬದಲಾಗುವ ಸ್ವಿಚ್, ಕೂರಿಸಿ, ಅದರ ಕಾಂಟ್ಯಾಕ್ಟನ್ನು ಸೈಟಿನ ಸ್ಥಿತಿಯನ್ನು ಸ್ಟುಡಿಯೋಗೆ ತಿಳಿಸುವ ರಿಮೋಟ್ ಕಂಟ್ರೋಲ್‌ನ ಸ್ಟೇಟಸ್ ಇನ್‌ಪುಟ್‌ಗೆ ಎಳೆದೆ. ಈಗ ದಿನಕ್ಕೆ ಎಷ್ಟು ಸಲ ಓಡಿತು ಅನ್ನೋ ಲೆಕ್ಕ ಸ್ಟುಡಿಯೋದಲ್ಲೇ ಸಿಗುತ್ತದೆ. ಕೊಳ್ಳುವವರು ಈ ಸೌಲಭ್ಯ ಇದೆಯಾ ಅಂತ ಮೊದಲೇ ಕೇಳಿ.

ಈ ವಾರ ಆ ಲೆಕ್ಕ ಎರಡರಿಂದ ಐದಕ್ಕೆ ಏರಿದೆ. ನಾಳೆ ರಾತ್ರಿ ಸೋಪಿನ ನೀರು ತಗೊಂಡು ಹೋಗುತ್ತಿದ್ದೇನೆ.