ಹಿಂದಿನ ಕಂಟ್ರೋಲ್ ಆರ್ಮ್ ಬದಲಿಸುತ್ತೀರಾ? ಚಕ್ರ ನೇತಾಡುವಾಗ ಬೋಲ್ಟ್ ಬಿಗಿ ಮಾಡಿಸಬೇಡಿ

ಎಸ್‌ಯುವಿಯ ಹಿಂದಿನ ಕಂಟ್ರೋಲ್ ಆರ್ಮ್ (ಚಕ್ರವನ್ನು ಗಾಡಿಯ ಅಡಿಭಾಗಕ್ಕೆ ಜೋಡಿಸುವ ಲೋಹದ ತೋಳು) ಬದಲಿಸಬೇಕು ಅಂದುಕೊಂಡಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ನಾನು ಹಾಕಿಸಿದ ಹೊಸ ಆರ್ಮ್‌ಗಳ ಬುಷ್, ಅಂದರೆ ತುದಿಯ ರಬ್ಬರ್ ಕೀಲು, ಐದೇ ತಿಂಗಳಲ್ಲಿ ಹರಿದುಹೋಯಿತು. ಒಂದು ಟೈರ್ ಪೂರ್ತಿ ಹಾಳಾಯಿತು. ಒಂದು ರಾತ್ರಿ ಮಳೆಯಲ್ಲಿ ತಿರುವು ದಾಟುವಾಗ ಗಾಡಿಯ ಹಿಂಭಾಗ ಪಕ್ಕಕ್ಕೆ ಜಾರಿತು. ಆಗ ಹಿಂದಿನ ಸೀಟಿನಲ್ಲಿ ನನ್ನ ಮಗಳು ನಿದ್ದೆ ಮಾಡುತ್ತಿದ್ದಳು. ಪುಣ್ಯಕ್ಕೆ ಎದುರಿಂದ ಯಾವ ಗಾಡಿಯೂ ಬರಲಿಲ್ಲ. ತಂದ ಆರ್ಮ್‌ಗಳಲ್ಲಿ ದೋಷ ಇರಲಿಲ್ಲ. ಜೋಡಿಸಿದ ರೀತಿಯೇ ತಪ್ಪಾಗಿತ್ತು.

ಎಲ್ಲ ಶುರುವಾಗಿದ್ದು ಒಂದು ಸದ್ದಿನಿಂದ. ಹಂಪ್ ಇಳಿಯುವಾಗ ಹಿಂದಿನಿಂದ 'ಟಕ್' ಅನ್ನುತ್ತಿತ್ತು. ಗಾಡಿ 1,10,000 ಕಿ.ಮೀ. ಓಡಿತ್ತು. ಲಿಫ್ಟ್‌ಗೆ ಏರಿಸಿ ನೋಡಿದರೆ ಕೆಳಗಿನ ಆರ್ಮ್‌ಗಳ ಬುಷ್ ರಬ್ಬರ್ ಸುತ್ತಲೂ ಸೀಳಿತ್ತು. ಅವೆರಡಕ್ಕೂ ಮೊದಲಿನ ಥರದ್ದೇ ರಬ್ಬರ್ ಬುಷ್ ಇರುವ ಹೊಸ ಆರ್ಮ್ ತರಿಸಿದೆ. ನನ್ನ ಗಾಡಿಯನ್ನು ಮೊದಲೇ ಸ್ವಲ್ಪ ಎತ್ತರಿಸಿದ್ದರಿಂದ ಹಿಂದಿನ ಚಕ್ರಗಳ ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಸರಿಮಾಡಲು ಜಾಗ ಸಾಲುತ್ತಿರಲಿಲ್ಲ. ಹಾಗಾಗಿ ಆ ಕೋನವನ್ನು ಹಿಡಿದಿಡುವ ಟೋ ಆರ್ಮ್ ಎರಡನ್ನೂ ತೆಗೆದು, ಉದ್ದ ಹೆಚ್ಚುಕಡಿಮೆ ಮಾಡಬಹುದಾದ ಅಡ್ಜಸ್ಟಬಲ್ ಆರ್ಮ್ ಹಾಕಿಸಲು ಹೇಳಿದೆ.

ಕೆಲಸ ನಡೆಯುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಗಾಡಿ ಲಿಫ್ಟ್ ಮೇಲಿತ್ತು. ಚಕ್ರಗಳ ಜಾಗದಲ್ಲಿ, ಚಕ್ರ ಕೂರಿಸುವ ಹಬ್‌ಗಳು ಕೆಳಕ್ಕೆ ಜೋತುಬಿದ್ದಿದ್ದವು. ಹುಡುಗ ಇಂಪ್ಯಾಕ್ಟ್ ಗನ್ ಹಿಡಿದು ಒಂದೊಂದೇ ಬೋಲ್ಟನ್ನು ಡರ್ರ್ ಅಂತ ಬಿಗಿದ. ಎಷ್ಟು ಬಿಗಿಯಾಯಿತು ಅಂತ ಅಳೆಯುವ ಟಾರ್ಕ್ ರೆಂಚ್ ಹೊರಗೇ ಬರಲಿಲ್ಲ. ಒಂದು ಗಂಟೆಯಲ್ಲಿ ಕೆಲಸ ಮುಗಿಯಿತು. ಬೇಗ ಆಯ್ತಲ್ಲ ಅಂತ ನನಗೂ ಖುಷಿಯಾಯಿತು. ಆ ಹೊತ್ತಲ್ಲೇ ಬುಷ್‌ಗಳ ಆಯಸ್ಸು ಮುಗಿದಿತ್ತು ಅಂತ ಆಗ ಗೊತ್ತಾಗಲಿಲ್ಲ.

ಯಾಕೆ ಅಂತ ಹೇಳುತ್ತೇನೆ. ಈ ಥರದ ರಬ್ಬರ್ ಬುಷ್‌ನಲ್ಲಿ ಹೊರಗೊಂದು ಕಬ್ಬಿಣದ ಕೊಳವೆ, ಒಳಗೊಂದು ಸಣ್ಣ ಕೊಳವೆ ಇರುತ್ತದೆ. ನಡುವಿನ ರಬ್ಬರ್ ಎರಡಕ್ಕೂ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಬೋಲ್ಟ್ ಬಿಗಿದ ಕೂಡಲೇ ಒಳಗಿನ ಕೊಳವೆ ಬ್ರಾಕೆಟ್‌ಗೆ ಕಚ್ಚಿಕೊಳ್ಳುತ್ತದೆ, ಆಮೇಲೆ ತಿರುಗುವುದೇ ಇಲ್ಲ. ಆರ್ಮ್ ಮೇಲೆ ಕೆಳಗೆ ಆಡುವಾಗ ತಿರುಚಿಕೊಳ್ಳುವುದು ರಬ್ಬರ್ ಮಾತ್ರ. ಬೋಲ್ಟ್ ಬಿಗಿಯುವಾಗ ಆರ್ಮ್ ಯಾವ ಕೋನದಲ್ಲಿತ್ತೋ ಅದೇ ಆ ರಬ್ಬರ್‌ನ ವಿಶ್ರಾಂತಿಯ ಜಾಗ. ಚಕ್ರ ನೇತಾಡುವಾಗಲೇ ಬಿಗಿದರೆ, ಗಾಡಿ ನೆಲಕ್ಕಿಳಿದು ಆರ್ಮ್ ಮೇಲೆದ್ದಾಗ ರಬ್ಬರ್ ತಿರುಚಿಕೊಳ್ಳುತ್ತದೆ. ಒದ್ದೆ ಬಟ್ಟೆ ಹಿಂಡಿ, ಕೈ ಬಿಡದೆ ಹಾಗೇ ಹಿಡಿದುಕೊಂಡ ಹಾಗೆ. ಗಾಡಿ ಸುಮ್ನೆ ನಿಂತಿದ್ದಾಗಲೂ ಆ ರಬ್ಬರ್‌ಗೆ ಬಿಡುವಿಲ್ಲ. ಅದರ ಮೇಲೆ ಪ್ರತಿ ಗುಂಡಿಗೂ ಇನ್ನಷ್ಟು ತಿರುಚು. ಹರಿಯದೆ ಇನ್ನೇನಾಗುತ್ತದೆ?

ಸರಿಯಾದ ಕ್ರಮ ಅಂಥಾ ಕಷ್ಟದ್ದಲ್ಲ. ಮೊದಲು ಬೋಲ್ಟ್‌ಗಳನ್ನು ಸಡಿಲವಾಗಿ ಕೂರಿಸಬೇಕು. ಆಮೇಲೆ ಗಾಡಿಯ ಭಾರ ಚಕ್ರದ ಮೇಲೆ ಬೀಳುವಂತೆ ರ‍್ಯಾಂಪ್ ಮೇಲೆ ನಿಲ್ಲಿಸಬೇಕು, ಇಲ್ಲವೇ ಆರ್ಮ್ ಅಡಿಗೆ ಜಾಕ್ ಕೊಟ್ಟು ಗಾಡಿ ನಿಂತಾಗಿನ ಎತ್ತರಕ್ಕೆ ತರಬೇಕು. ಕೊನೆಯ ಬಿಗಿ ಆಗಲೇ, ಅದೂ ಆ ಗಾಡಿಯ ಸರ್ವಿಸ್ ಮ್ಯಾನುಯಲ್‌ನಲ್ಲಿ ಕೊಟ್ಟ ಟಾರ್ಕ್‌ಗೆ. ಮ್ಯಾನುಯಲ್ ಹೊಸ ಬೋಲ್ಟ್ ಹಾಕಿ ಅಂದರೆ ಹಳೆಯದನ್ನು ಮತ್ತೆ ಬಳಸಬೇಡಿ.

ಎರಡನೇ ತಪ್ಪು ಅಡ್ಜಸ್ಟಬಲ್ ಆರ್ಮ್‌ನಲ್ಲಿ ಆಗಿತ್ತು. ಅದರ ಉದ್ದವನ್ನು ಹಿಡಿದಿಡುವುದು ಲಾಕ್ ನಟ್. ಬಲಗಡೆಯದನ್ನು ಕೈಬಿಗಿಯಲ್ಲೇ ಬಿಟ್ಟಿದ್ದರು. ಓಡುತ್ತಾ ಓಡುತ್ತಾ ಅದು ಸಡಿಲವಾಗಿ, ಆರ್ಮ್‌ನ ಉದ್ದ ಬದಲಾಗಿ, ಬಲಗಡೆ ಚಕ್ರ ದಿಕ್ಕು ತಪ್ಪಿತು. ನೇರ ರಸ್ತೆಯಲ್ಲಿ ಸ್ಟೀರಿಂಗ್ ಸ್ವಲ್ಪ ಓರೆಯಾಗಿ ನಿಲ್ಲುತ್ತಿತ್ತು. ಹಿಂದಿನ ಚಕ್ರದ ಟೋ ತಪ್ಪಿದರೆ ಮುಂದಿನ ಸ್ಟೀರಿಂಗ್ ಓರೆಯಾಗುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಅದೇ ಗ್ಯಾರೇಜಿಗೆ ಹೋಗಿ ಕೇಳಿದರೆ 'ಅಲೈನ್‌ಮೆಂಟ್ ಮಾಡಿದ್ದೀವಿ ಸಾರ್' ಅಂದರು. ಮಾಡಿದ್ದು ಮುಂದಿನ ಚಕ್ರಗಳಿಗೆ ಮಾತ್ರ.

ಮಳೆಯ ರಾತ್ರಿ ಗಾಡಿ ಜಾರಿದ ಮರುದಿನ ಬೆಳಿಗ್ಗೆ ಬಲಗಡೆ ಹಿಂದಿನ ಟೈರ್ ಮೇಲೆ ಅಂಗೈ ಆಡಿಸಿ ನೋಡಿದೆ. ಒಂದು ದಿಕ್ಕಿಗೆ ಸವರಿದರೆ ನುಣ್ಣಗಿತ್ತು. ವಾಪಸ್ ಸವರಿದರೆ ಗರಗಸದ ಹಲ್ಲಿನ ಹಾಗೆ ಚರ್ಮಕ್ಕೆ ಕಚ್ಚುತ್ತಿತ್ತು. ಒಳ ಅಂಚಿಗೆ ಬೆರಳು ಹಾಕಿದರೆ ಗೀರೇ ಉಳಿದಿರಲಿಲ್ಲ. ಹೊರಗಿನಿಂದ ನೋಡಿದರೆ ಅದು ಚೆನ್ನಾಗಿರುವ ಟೈರ್. ಒಳ ಅಂಚು ಗಾಡಿಯ ಕಡೆಗೇ ಇರುವುದರಿಂದ ಬಗ್ಗಿ ನೋಡದೆ ಕಾಣುವುದಿಲ್ಲ.

ಇನ್ನೊಂದು ಗ್ಯಾರೇಜಿಗೆ ಒಯ್ದೆ. ಅಲ್ಲಿಯ ಮೇಸ್ತ್ರಿ ಗಾಡಿಯನ್ನು ನಾಲ್ಕೂ ಚಕ್ರದ ಮೇಲೆ ನಿಲ್ಲಿಸಿ, ಕೆಳಗಿನ ಆರ್ಮ್‌ನ ಒಂದು ಬೋಲ್ಟ್ ಸಡಿಲಿಸಿದರು. ಅಷ್ಟು ದಿನ ತಿರುಚಿಕೊಂಡಿದ್ದ ರಬ್ಬರ್ ಬಿಟ್ಟುಕೊಂಡು, ಒಳಗಿನ ಕೊಳವೆ ಠಕ್ ಅಂತ ತಿರುಗಿತು. 'ನೋಡಿ, ಇದನ್ನು ಮೇಲೆ ತೂಗಿಟ್ಟೇ ಬಿಗಿದಿದ್ದಾರೆ' ಅಂದರು. ಟಾರ್ಚ್ ಹಿಡಿದು ತೋರಿಸಿದಾಗ ಅರ್ಧಕ್ಕಿಂತ ಜಾಸ್ತಿ ರಬ್ಬರ್ ಕಿತ್ತುಬಂದಿತ್ತು. ಮೊದಲಿನ ಗ್ಯಾರೇಜಿನವರು ಇವತ್ತಿಗೂ 'ನೀವು ತಂದ ಪಾರ್ಟ್ ಸರಿ ಇರಲಿಲ್ಲ' ಅಂತಲೇ ಹೇಳುತ್ತಾರೆ.

ಮನೆಯಲ್ಲೇ ಈ ಕೆಲಸ ಮಾಡುವವರಿಗೆ ಒಂದು ಮಾತು. ತುಂಬಾ ಎಸ್‌ಯುವಿಗಳಲ್ಲಿ ಹಿಂದಿನ ಸ್ಪ್ರಿಂಗ್ ಕೂರುವುದು ಕೆಳಗಿನ ಆರ್ಮ್ ಮೇಲೇ. ಆರ್ಮ್ ಅಡಿಗೆ ಜಾಕ್ ಕೊಡದೆ ಬೋಲ್ಟ್ ತೆಗೆದರೆ ಒತ್ತಿಕೊಂಡಿರುವ ಸ್ಪ್ರಿಂಗ್ ಸಿಡಿಯಬಹುದು. ಪ್ರಾಣಕ್ಕೇ ಅಪಾಯ. ಗಾಡಿಯ ಭಾರವನ್ನು ಸ್ಟ್ಯಾಂಡ್‌ಗಳೇ ಹೊರಬೇಕು, ಜಾಕ್ ಒಂದನ್ನೇ ನಂಬಬೇಡಿ. ಹೆಡ್‌ಲೈಟ್ ಎತ್ತರದ ಸೆನ್ಸರ್ ಆರ್ಮ್‌ಗೆ ಜೋಡಿಸಿದ್ದರೆ ಅದನ್ನೂ ಮರೆಯದೆ ವಾಪಸ್ ಹಾಕಿ.

ಪಾಲಿಯುರೆಥೇನ್ ಬುಷ್ ಹಾಕಿಸಿ ಅಂತ ಕೆಲವರು ಹೇಳಿದರು. ಅದರಲ್ಲಿ ಒಳಗಿನ ಕೊಳವೆ ಸಲೀಸಾಗಿ ತಿರುಗುವುದರಿಂದ ಈ ತಿರುಚುವ ತೊಂದರೆ ಇರುವುದಿಲ್ಲ, ನಿಜ. ಆದರೆ ಗ್ರೀಸ್ ಒಣಗಿದರೆ ಕಿರುಗುಟ್ಟುತ್ತದೆ, ರಸ್ತೆಯ ಅದುರು ಜಾಸ್ತಿ ಒಳಗೆ ಬರುತ್ತದೆ. ಮನೆಮಂದಿ ಓಡಾಡುವ ಗಾಡಿಗೆ ಸರಿಯಾಗಿ ಬಿಗಿದ ರಬ್ಬರ್ ಬುಷ್ಷೇ ಸಾಕು ಅನ್ನುವುದು ನನ್ನ ಅಭಿಪ್ರಾಯ.

ಕೆಲಸಕ್ಕೆ ಕೊಡುವ ಮೊದಲೇ ಕೇಳಿ: ಕೊನೆಯ ಬಿಗಿ ಚಕ್ರದ ಮೇಲೆ ಭಾರ ಬಿಟ್ಟು ಮಾಡುತ್ತೀರಾ? ನಾಲ್ಕೂ ಚಕ್ರದ ಅಲೈನ್‌ಮೆಂಟ್ ಮಾಡಿ, ಹಿಂದಿನ ಚಕ್ರಗಳ ಅಳತೆ ಇರುವ ಹಾಳೆ ಕೊಡುತ್ತೀರಾ? 'ಅದೆಲ್ಲ ಬೇಕಾಗಿಲ್ಲ' ಅಂದರೆ ಗಾಡಿ ವಾಪಸ್ ತನ್ನಿ. ಅಲೈನ್‌ಮೆಂಟ್ ಮುಗಿದು ಲಾಕ್ ನಟ್ ಬಿಗಿದ ಮೇಲೆ, ನಟ್‌ನಿಂದ ಆರ್ಮ್‌ವರೆಗೆ ಬಿಳಿ ಪೇಂಟಿನಲ್ಲಿ ಒಂದು ಗೆರೆ ಎಳೆಸಿ. ನಾನು ಈಗ ತಿಂಗಳಿಗೊಮ್ಮೆ ಬಗ್ಗಿ ಆ ಗೆರೆ ನೋಡುತ್ತೇನೆ. ಅದು ಎರಡು ತುಂಡಾಗಿ ಕಂಡರೆ ನಟ್ ಸರಿದಿದೆ ಅಂತ ಅರ್ಥ. ಆಗ ಗಾಡಿ ಓಡಿಸಲೇಬೇಡಿ.