ಪ್ರೊಸೆಸ್ ಎಕ್ಸ್‌ಪ್ಲೋರರ್: ಯಾರದೋ ಥ್ರೆಡ್‌ಗಳ ಬೆನ್ನು ಹಿಡಿಯಲು ಬಳಸಿದವನ ವಿಮರ್ಶೆ

ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಅಡಿಕೆ ವ್ಯಾಪಾರಿಗಳ ಬಿಲ್ಲಿಂಗ್ ತಂತ್ರಾಂಶವೊಂದನ್ನು ನೋಡಿಕೊಳ್ಳುವುದು ನನ್ನ ಕೆಲಸ. ತಂತ್ರಾಂಶ ನಮ್ಮದಾದರೂ ತೂಕದ ಯಂತ್ರದಿಂದ ಅಂಕಿಗಳನ್ನು ಓದುವ ಡಿಎಲ್‌ಎಲ್ (ತಂತ್ರಾಂಶದೊಳಗೆ ಸೇರಿಕೊಂಡು ಕೆಲಸ ಮಾಡುವ ಕೋಡಿನ ಫೈಲ್) ಯಂತ್ರ ಮಾರಿದವರದು. ಅದರ ಸೋರ್ಸ್ ಕೋಡ್ ನಮಗೆ ಸಿಗುವುದಿಲ್ಲ. ಕೇಬಲ್ ಕಳಚಿ ಮತ್ತೆ ಸಿಕ್ಕಿಸಿದಾಗಲೆಲ್ಲ ಅದು ಹಳೆಯ ಥ್ರೆಡ್ಡನ್ನು (ತಂತ್ರಾಂಶದೊಳಗೆ ಪ್ರತ್ಯೇಕವಾಗಿ ಓಡುವ ಕೆಲಸದ ಎಳೆಯನ್ನು) ನಿಲ್ಲಿಸದೆ ಹೊಸದೊಂದನ್ನು ಹುಟ್ಟಿಸುತ್ತಿತ್ತು. ಇದನ್ನು ಪತ್ತೆಮಾಡಿಕೊಟ್ಟ, ವಿಂಡೋಸ್‌ನಲ್ಲಿ ಓಡುತ್ತಿರುವ ತಂತ್ರಾಂಶಗಳ ಒಳಗನ್ನು ತೋರಿಸುವ ಪ್ರೊಸೆಸ್ ಎಕ್ಸ್‌ಪ್ಲೋರರನ್ನು ವರ್ಷಗಳಿಂದ ಬಳಸುತ್ತಿದ್ದೇನೆ. 2006ರಲ್ಲಿ ಮೈಕ್ರೋಸಾಫ್ಟ್ ಕೊಂಡುಕೊಂಡ ಸಿಸ್‌ಇಂಟರ್ನಲ್ಸ್ ಬಳಗದ ಈ ಉಪಕರಣ ಉಚಿತ. ಇನ್‌ಸ್ಟಾಲ್ ಮಾಡಬೇಕಾಗಿಲ್ಲ, ಪೆನ್‌ಡ್ರೈವ್‌ನಲ್ಲಿ ಒಯ್ದರೆ ಸಾಕು.

ಪ್ರೊಸೆಸ್‌ನ (ಓಡುತ್ತಿರುವ ತಂತ್ರಾಂಶದ) ಮೇಲೆ ಎರಡು ಬಾರಿ ಕ್ಲಿಕ್ ಮಾಡಿ ಥ್ರೆಡ್ಸ್ ಪುಟಕ್ಕೆ ಹೋದರೆ ಪ್ರತಿ ಥ್ರೆಡ್‌ನ ಸಂಖ್ಯೆ, ಸಿಪಿಯು ಬಳಕೆ, ಆರಂಭದ ವಿಳಾಸ (ಅದು ಯಾವ ಕೋಡಿನಿಂದ ಓಡತೊಡಗಿತೆಂಬುದು) ಕಾಣುತ್ತವೆ. ಈ ವಿಳಾಸದಲ್ಲಿರುವ ಡಿಎಲ್‌ಎಲ್ ಹೆಸರಿನಿಂದಲೇ ಥ್ರೆಡ್ ಯಾರದೆಂದು ಹೆಚ್ಚಿನ ಸಲ ತಿಳಿಯುತ್ತದೆ. ಆದರೆ ವಿಳಾಸಗಳನ್ನು ಹೆಸರುಗಳಿಗೆ ಜೋಡಿಸುವ ಸಿಂಬಲ್‌ಗಳನ್ನು ಹೊಂದಿಸದಿದ್ದರೆ ಫಂಕ್ಷನ್‌ಗಳ (ಕೋಡಿನ ಹೆಸರುಳ್ಳ ತುಂಡುಗಳ) ಹೆಸರನ್ನು ನಂಬುವಂತಿಲ್ಲ. ಬೇರೆ ಬೇರೆ ಕೋಡ್‌ಗಳು ಹಂಚಿಕೊಳ್ಳುವ ಥ್ರೆಡ್ ಪೂಲ್‌ನ ಕೆಲಸಗಾರ ಥ್ರೆಡ್‌ಗಳೆಲ್ಲದರ ಆರಂಭವೂ ವಿಂಡೋಸ್‌ನದೇ ಡಿಎಲ್‌ಎಲ್ ಆದ ಎನ್‌ಟಿಡಿಎಲ್‌ಎಲ್‌ನಲ್ಲೇ ಇರುವುದರಿಂದ, ಅಲ್ಲಿ ಯಾರ ಕೋಡ್ ಓಡುತ್ತಿದೆಯೆಂದು ತಿಳಿಯಲು ಸ್ಟ್ಯಾಕ್ (ಥ್ರೆಡ್ ಒಂದರಿಂದೊಂದಕ್ಕೆ ಕರೆದ ಫಂಕ್ಷನ್‌ಗಳ ಸರಣಿ) ತೆರೆದು ನೋಡಲೇಬೇಕು. ಗುಮಾಸ್ತರು ಫೈಲ್ ಉಳಿಸುವ ಕಿಟಕಿ ತೆರೆದೊಡನೆ ಥ್ರೆಡ್‌ಗಳ ಸಂಖ್ಯೆ ಏರಿದರೆ ಗಾಬರಿ ಬೇಡ: ಬೇರೆ ತಂತ್ರಾಂಶಗಳ ಶೆಲ್ ಎಕ್ಸ್‌ಟೆನ್ಶನ್‌ಗಳು (ಫೈಲ್ ಕಿಟಕಿಗಳಿಗೆ ಸೌಲಭ್ಯ ಸೇರಿಸುವ ಡಿಎಲ್‌ಎಲ್‌ಗಳು) ಆ ಕಿಟಕಿಯ ಮೂಲಕ ನಮ್ಮ ಪ್ರೊಸೆಸ್‌ನೊಳಗೆ ಬಂದು ಕೂರುತ್ತವೆ.

ಅದೇ ಪುಟದಲ್ಲಿರುವ ಕಿಲ್ ಗುಂಡಿಯನ್ನು ಅಂಗಡಿಯ ಕಂಪ್ಯೂಟರಿನಲ್ಲಿ ಒತ್ತಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಬಲವಂತವಾಗಿ ಕೊಂದ ಥ್ರೆಡ್ ತನ್ನ ಕೈಯಲ್ಲಿದ್ದ ಲಾಕನ್ನು (ಒಂದು ಸಲಕ್ಕೆ ಒಂದೇ ಥ್ರೆಡ್ಡನ್ನು ಒಳಬಿಡುವ ಬೀಗವನ್ನು) ಬಿಟ್ಟುಕೊಡದೆ ಹೋಗುತ್ತದೆ. ಅದು ಹೀಪ್‌ನ (ಥ್ರೆಡ್‌ಗಳು ಮೆಮೊರಿ ಪಡೆಯುವ ಸಂಗ್ರಹದ) ಲಾಕ್ ಆಗಿದ್ದರೆ, ಮೆಮೊರಿ ಕೇಳಿದ ಉಳಿದ ಥ್ರೆಡ್‌ಗಳೆಲ್ಲ ಕಾಯುತ್ತಾ ನಿಂತು, ಬಿಲ್ಲು ಅರ್ಧದಲ್ಲಿರುವಾಗಲೇ ತಂತ್ರಾಂಶ ಸ್ತಬ್ಧವಾಗುತ್ತದೆ. ಥ್ರೆಡ್ ಓಡುತ್ತಿರುವಾಗ ಡಿಎಲ್‌ಎಲ್ಲನ್ನು ಪ್ರೊಸೆಸ್‌ನಿಂದ ತೆಗೆದುಹಾಕುವುದೂ ಪರಿಹಾರವಲ್ಲ, ಏಕೆಂದರೆ ಆ ಥ್ರೆಡ್ ಓಡಿಸುತ್ತಿದ್ದ ಕೋಡೇ ಮೆಮೊರಿಯಿಂದ ಮಾಯವಾಗಿ ಪ್ರೊಸೆಸ್ ಕುಸಿಯುತ್ತದೆ. ಕೊನೆಗೆ ನಾವು ತೂಕದ ಡಿಎಲ್‌ಎಲ್ಲನ್ನು ಪ್ರತ್ಯೇಕ ಸಣ್ಣ ಪ್ರೊಸೆಸ್‌ಗೆ ಸಾಗಿಸಿ, ತೂಕದ ಅಂಕಿಯನ್ನು ನೇಮ್ಡ್ ಪೈಪ್ (ಎರಡು ಪ್ರೊಸೆಸ್‌ಗಳ ನಡುವೆ ಮಾಹಿತಿ ಸಾಗಿಸುವ ದಾರಿ) ಮೂಲಕ ತರಿಸಿಕೊಂಡೆವು. ಥ್ರೆಡ್‌ಗಳು ಹೆಚ್ಚಾದಾಗ ಆ ಪ್ರೊಸೆಸನ್ನೇ ಮುಗಿಸಿ ಮತ್ತೆ ಆರಂಭಿಸುತ್ತೇವೆ. ಅದರ ಹ್ಯಾಂಡಲ್‌ಗಳನ್ನೂ (ಫೈಲ್ ಮುಂತಾದವನ್ನು ತೆರೆದಿಟ್ಟ ಹಿಡಿಕೆಗಳನ್ನೂ) ಮೆಮೊರಿಯನ್ನೂ ವಿಂಡೋಸ್ ಮರಳಿ ಪಡೆಯುತ್ತದೆ, ಬಿಲ್ಲಿಗೆ ತೊಂದರೆಯಿಲ್ಲ.

ಈ ಉಪಕರಣದ ದೊಡ್ಡ ಕೊರತೆಯೆಂದರೆ ಅದು ಈ ಕ್ಷಣದ ಥ್ರೆಡ್‌ಗಳನ್ನಷ್ಟೇ ತೋರಿಸುತ್ತದೆ, ಬೆಳಿಗ್ಗೆ ಹುಟ್ಟಿ ಮಧ್ಯಾಹ್ನಕ್ಕೆ ಮುಗಿದವುಗಳ ಸುಳಿವನ್ನು ಕೊಡುವುದಿಲ್ಲ. ಅದಕ್ಕಾಗಿ ಅದೇ ಬಳಗದ ಪ್ರೊಸೆಸ್ ಮಾನಿಟರ್ ಬೇಕು. ಥ್ರೆಡ್ ಹುಟ್ಟಿದ್ದನ್ನೂ ಮುಗಿದದ್ದನ್ನೂ ಅದು ಸಮಯಸಹಿತ ದಾಖಲಿಸುತ್ತದೆ. ಫಿಲ್ಟರ್ ಹಾಕದೆ ದಿನವಿಡೀ ಓಡಿಸಿದರೆ ಮಾತ್ರ ಅಂಗಡಿಗಳ ಹಳೆಯ ಕಂಪ್ಯೂಟರುಗಳು ತಾಳಲಾರವು.