ಲೇಕ್ ನಾರ್ಮನ್‌ನಲ್ಲಿ ದೊಡ್ಡ ಡಾಕ್ ಬರುವ ಮುಂಚೆ ನಡೆಯುವ ಪರಿಸರ ಪರಿಶೀಲನೆ: ಬಳಸಿ ನೋಡಿ ಬರೆದ ರಿವ್ಯೂ

ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದ ಶಾರ್ಲೆಟ್ ಕಡೆ ಇರುವ ನನ್ನ ಪರಿಚಯದವರಲ್ಲಿ ಲೇಕ್ ನಾರ್ಮನ್ ದಂಡೆಯಲ್ಲಿ ಮನೆ ಹುಡುಕುತ್ತಿರುವವರು ಕೆಲವರಿದ್ದಾರೆ. ಎಲ್ಲರೂ ಮೊದಲು ಕೇಳುವುದು, ಬೋಟ್ ಕಟ್ಟಿ ನಿಲ್ಲಿಸೋಕೆ ಡಾಕ್, ಅಂದರೆ ನೀರಿನೊಳಕ್ಕೆ ಚಾಚಿದ ಕಟ್ಟೆ, ಹಾಕಿಕೊಳ್ಳಬಹುದಾ ಅಂತ. ಪಕ್ಕದ ಜಾಗದಲ್ಲಿ ಬೇರೆ ಯಾರೋ ಹತ್ತಾರು ಬೋಟ್ ನಿಲ್ಲುವ ದೊಡ್ಡ ಡಾಕ್ ಕಟ್ಟಲು ಹೊರಟರೆ ನಮ್ಮ ಮಾತು ಯಾರಾದರೂ ಕೇಳುತ್ತಾರಾ ಅಂತ ಮಾತ್ರ ಯಾರೂ ವಿಚಾರಿಸುವುದಿಲ್ಲ. ಕೇಳುತ್ತಾರೆ. ಅದಕ್ಕೊಂದು ಸರ್ಕಾರಿ ವ್ಯವಸ್ಥೆ ಇದೆ. ದುಡ್ಡು ಕೊಡಬೇಕಿಲ್ಲ, ವಕೀಲರು ಬೇಕಿಲ್ಲ, ಮನೆಯಲ್ಲೇ ಕೂತು ಬಳಸಬಹುದು. ನಮ್ಮ ಬಡಾವಣೆಯ ಪಕ್ಕದಲ್ಲೇ ಇಂಥ ಒಂದು ಪ್ರಸ್ತಾಪ ಬಂದಿದ್ದರಿಂದ ನಾನು ಇದನ್ನು ಪೂರ್ತಿ ಬಳಸಿದೆ. ಎಲ್ಲಿ ಚೆನ್ನಾಗಿದೆ, ಎಲ್ಲಿ ಕೈಕೊಡುತ್ತದೆ ಅನ್ನುವುದನ್ನು ಬರೆದಿಡುತ್ತಿದ್ದೇನೆ.

ಮೊದಲು ಈ ನೀರು ಯಾರದ್ದು ಅಂತ ಹೇಳಿಬಿಡುತ್ತೇನೆ, ಯಾಕೆಂದರೆ ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಲೇಕ್ ನಾರ್ಮನ್ ತಾನಾಗಿ ಆದ ಕೆರೆಯಲ್ಲ. ಕಟಾಬಾ ನದಿಗೆ ಅಡ್ಡಲಾಗಿ ಡ್ಯೂಕ್ ಪವರ್ ಕಂಪನಿ 1959ರಲ್ಲಿ ಕೌವನ್ಸ್ ಫೋರ್ಡ್ ಅಣೆಕಟ್ಟು ಕಟ್ಟಲು ಶುರು ಮಾಡಿತು, 60ರ ದಶಕದ ಮೊದಲಲ್ಲಿ ನೀರು ತುಂಬಿತು. ಸುಮಾರು 32,500 ಎಕರೆ ನೀರು, ಸುಮಾರು 520 ಮೈಲಿ ದಂಡೆ. ನಾರ್ತ್ ಕ್ಯಾರೊಲಿನಾದಲ್ಲಿ ಮನುಷ್ಯರು ಮಾಡಿದ ಕೆರೆಗಳಲ್ಲಿ ಇದೇ ಅತಿ ದೊಡ್ಡದು. ಹೊಲಗಳು, ಬಟ್ಟೆ ಮಿಲ್ಲಿನ ಊರುಗಳು ಮುಳುಗಿವೆ. ಶಾರ್ಲೆಟ್ ಊರಿಗೆ ಕುಡಿಯುವ ನೀರು ಹೋಗುವುದರಲ್ಲಿ ಒಂದು ಪಾಲು ಇಲ್ಲಿಂದಲೇ. ಸಾಗರ, ಹೊಸನಗರದ ಕಡೆಯವರಿಗೆ ಇಂಥ ನೀರಿನ ಗುಣ ಹೇಳಿಕೊಡಬೇಕಿಲ್ಲ. 1964ರಲ್ಲಿ ಲಿಂಗನಮಕ್ಕಿ ಆದಮೇಲೆ ಹಿನ್ನೀರಿನ ದಂಡೆಯಲ್ಲಿ ಬದುಕಿದವರು ಅವರು. ನೀರಿನ ಮಟ್ಟ ಏರುವುದು ಇಳಿಯುವುದು ವಿದ್ಯುತ್ತಿನ ಲೆಕ್ಕದ ಮೇಲೆ, ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಸಿಗಂದೂರಿನ ಲಾಂಚಿನಲ್ಲಿ ವಾಹನ ಹತ್ತಿಸುವುದನ್ನೇ ನಿಲ್ಲಿಸುತ್ತಿದ್ದರು.

ಇಲ್ಲೂ ಹಾಗೇ. ಪೂರ್ತಿ ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 760 ಅಡಿ. ಆ ಗೆರೆಯ ಕೆಳಗಿನ ನೆಲ ಬಹುಪಾಲು ವಿದ್ಯುತ್ ಕಂಪನಿಯದು, ಈಗ ಅದರ ಹೆಸರು ಡ್ಯೂಕ್ ಎನರ್ಜಿ. ನಿಮ್ಮ ಮನೆಯ ಪತ್ರದಲ್ಲಿ ದಂಡೆಯ ತನಕ ಜಾಗ ನಿಮ್ಮದು ಅಂತ ಇರಬಹುದು, ನೀರಿನೊಳಗೆ ಒಂದು ಕಂಬ ನೆಡಬೇಕಾದರೂ ಕಂಪನಿಯ ಅನುಮತಿ ಬೇಕು. ಆ ಕಂಪನಿಯೂ ಮನಸ್ಸಿಗೆ ಬಂದಂತೆ ಮಾಡುವ ಹಾಗಿಲ್ಲ, ಏಕೆಂದರೆ ಅದಕ್ಕೆ ಲೈಸೆನ್ಸ್ ಕೊಟ್ಟಿರುವುದು ವಾಷಿಂಗ್ಟನ್‌ನಲ್ಲಿರುವ ಫೆಡರಲ್ ಎನರ್ಜಿ ರೆಗ್ಯುಲೇಟರಿ ಕಮಿಷನ್. ಎಲ್ಲರೂ ಫರ್ಕ್ ಅನ್ನುತ್ತಾರೆ. ಕಟಾಬಾ-ವಾಟರೀ ಅನ್ನುವ ಈ ಯೋಜನೆಯಲ್ಲಿ ಎರಡೂ ಕ್ಯಾರೊಲಿನಾಗಳ 11 ಜಲಾಶಯಗಳು ಸೇರಿವೆ. 2015ರಲ್ಲಿ ಹೊಸ ಲೈಸೆನ್ಸ್ ಸಿಕ್ಕಿತು, 40 ವರ್ಷಕ್ಕೆ. ಯೋಜನೆಯ ನಂಬರ್ 2232. ಈ ನಂಬರ್ ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಚಿಕ್ಕ ಡಾಕ್‌ಗಳು ಫರ್ಕ್ ತನಕ ಹೋಗುವುದಿಲ್ಲ. ಮನೆಗಳಿಗೆ ಅಂತ ಮಾಡುವ, ಒಂದು ಸಲಕ್ಕೆ 10ಕ್ಕಿಂತ ಜಾಸ್ತಿ ಬೋಟ್ ನಿಲ್ಲದ ಡಾಕ್‌ಗೆ ಕಂಪನಿಯೇ ಅನುಮತಿ ಕೊಡಬಹುದು ಅಂತ ಲೈಸೆನ್ಸಿನಲ್ಲೇ ಇದೆ. ಅದಕ್ಕಿಂತ ದೊಡ್ಡದು, ಮರೀನಾ ಅನ್ನುವ ಬೋಟ್ ನಿಲ್ದಾಣ, ಬಡಾವಣೆಗೆಲ್ಲ ಸೇರಿ ಮಾಡುವ ಸಾಲು ಡಾಕ್, ಇಂಥವಕ್ಕೆ ಫರ್ಕ್ ಒಪ್ಪಬೇಕು. ಒಪ್ಪುವ ಮುಂಚೆ ಪರಿಸರದ ಮೇಲೆ ಏನಾಗುತ್ತದೆ ಅಂತ ನೋಡಬೇಕು, ಅದು ನೀಪಾ ಅನ್ನುವ 1970ರ ಕಾನೂನಿನ ಮಾತು. ನಾನು ರಿವ್ಯೂ ಮಾಡುತ್ತಿರುವುದು ಈ ನೋಡುವ ಕೆಲಸವನ್ನು.

ನಮ್ಮಲ್ಲಿ ಆಗಿದ್ದು ಇಷ್ಟು. ಹೊಸ ಮನೆಗಳ ಜೊತೆಗೆ ಎಲ್ಲರಿಗೂ ಸೇರಿ ಒಂದು ದೊಡ್ಡ ಡಾಕ್ ಕಟ್ಟಲು ಒಬ್ಬ ಬಿಲ್ಡರ್ ಅರ್ಜಿ ಹಾಕಿದ. ಜಾಗ ಒಂದು ಕೋವ್, ಅಂದರೆ ನೀರು ನೆಲದೊಳಗೆ ಕಿರಿದಾಗಿ ನುಗ್ಗಿರುವ ಮೂಲೆ. ಕಾಗದಪತ್ರಗಳೆಲ್ಲ ಫರ್ಕ್‌ನ ಇ-ಲೈಬ್ರರಿಯಲ್ಲಿ ಸಿಗುತ್ತವೆ. ಪಿ-2232 ಅಂತ ಹಾಕಿ ಹುಡುಕಿದರೆ ನಕ್ಷೆ, ಅರ್ಜಿ, ಇಲಾಖೆಗಳ ಪತ್ರ, ನೆರೆಯವರ ಪತ್ರ ಎಲ್ಲ ತೆರೆದಿಟ್ಟಿರುತ್ತಾರೆ. ಲಾಗಿನ್ ಕೂಡ ಬೇಡ. ಈ ವಿಷಯದಲ್ಲಿ ನನ್ನ ಪೂರ್ತಿ ಮೆಚ್ಚುಗೆ ಇದೆ. ನಮ್ಮೂರಲ್ಲಿ ಒಂದು ನಕ್ಷೆಗಾಗಿ ಆರ್‌ಟಿಐ ಹಾಕಿ ಕಾದವರಿಗೆ ಇದರ ಬೆಲೆ ಚೆನ್ನಾಗಿ ಗೊತ್ತು.

ಅದರಲ್ಲಿ ಎಲ್ಲಕ್ಕಿಂತ ಚೆನ್ನಾಗಿರುವುದು ಇಲಾಖೆಗಳ ಪತ್ರಗಳು. ಅರ್ಜಿ ಫರ್ಕ್‌ಗೆ ಹೋಗುವ ಮುಂಚೆ ರಾಜ್ಯದ ವನ್ಯಜೀವಿ ಇಲಾಖೆ, ಫೆಡರಲ್ ಮೀನು ಮತ್ತು ವನ್ಯಜೀವಿ ಇಲಾಖೆ, ಆರ್ಮಿಯ ಎಂಜಿನಿಯರ್ ವಿಭಾಗ, ರಾಜ್ಯದ ಐತಿಹಾಸಿಕ ಸಂರಕ್ಷಣೆಯ ಕಚೇರಿ, ಕಟಾಬಾ ಮೂಲನಿವಾಸಿ ಜನರ ಆಡಳಿತ, ಇವರೆಲ್ಲರ ಅಭಿಪ್ರಾಯ ಕೇಳುತ್ತಾರೆ. ನದಿಯ ಹೆಸರೇ ಕಟಾಬಾ ಜನರದ್ದು, ದಂಡೆಯ ಮಣ್ಣು ಅಗೆದರೆ ಅವರ ಹಿರಿಯರ ಕುರುಹು ಸಿಗಬಹುದು, ಹಾಗಾಗಿ ಅವರನ್ನು ಕೇಳದೆ ಮುಂದೆ ಹೋಗುವ ಹಾಗಿಲ್ಲ. ಅದು ಸರಿಯಾದ ಕ್ರಮ.

ಮೀನಿನವರ ಪತ್ರ ಓದಿದಾಗ ನನಗೆ ನಮ್ಮ ಕೋವ್ ಹೊಸದಾಗಿ ಕಾಣಿಸಿತು. ಬಾಸ್, ಸನ್‌ಫಿಶ್ ಮೀನುಗಳು ವಸಂತದಲ್ಲಿ ಮೊಟ್ಟೆ ಇಡುವುದು ದಂಡೆಯ ಹತ್ತಿರದ ಆಳವಿಲ್ಲದ ನೀರಿನಲ್ಲೇ. ಗಂಡು ಮೀನು ಬಾಲದಿಂದ ಕೆಸರು ಗುಡಿಸಿ, ಜಲ್ಲಿಯಂಥ ನೆಲದಲ್ಲಿ ಬಟ್ಟಲಿನಾಕಾರದ ಗುಳಿ ಮಾಡಿ ಕಾವಲು ಕೂರುತ್ತದೆ. ಆ ಹೊತ್ತಿನಲ್ಲಿ ಅಲ್ಲಿ ಹೂಳೆತ್ತಿದರೆ ಎದ್ದ ಕೆಸರು ಮೊಟ್ಟೆಯ ಮೇಲೆ ಕೂತು ಎಲ್ಲ ಹಾಳಾಗುತ್ತದೆ. ಅದಕ್ಕೇ ವಸಂತದಲ್ಲಿ ನೀರಿನೊಳಗಿನ ಕೆಲಸ ಬೇಡ ಅಂತ ಷರತ್ತು ಹಾಕುವುದು. ದಂಡೆಯಿಂದ ನೀರಿಗೆ ಬಿದ್ದ ಮರಗಳು ನಮಗೆ ಕಸ, ಮರಿಮೀನಿಗೆ ಮನೆ. ವಾಟರ್ ವಿಲ್ಲೋ ಅನ್ನುವ ಗಿಡ ದಂಡೆಯ ಉದ್ದಕ್ಕೂ ಗುಂಪಾಗಿ ಬೆಳೆದು ಅಲೆಯ ಹೊಡೆತ ತಡೆದು ಮಣ್ಣು ಹಿಡಿದಿಟ್ಟುಕೊಳ್ಳುತ್ತದೆ, ಅದರ ಮೇಲೆ ಡಾಕ್‌ನ ನೆರಳು ಬಿದ್ದರೆ ಬಿಸಿಲಿಲ್ಲದೆ ಸಾಯುತ್ತದೆ. ತೇಲುವ ಡಾಕ್ ಆದರೆ ಅದರ ಅಡಿಯ ಥರ್ಮೋಕೋಲ್‌ಗೆ ಗಟ್ಟಿ ಕವಚ ಇರಲೇಬೇಕು, ಇಲ್ಲವಾದರೆ ಕಾಲಕ್ರಮೇಣ ಉದುರಿ ಬಿಳಿ ಮಣಿಗಳು ಕೆರೆಯ ತುಂಬ ತೇಲುತ್ತವೆ. ಮೂಲೆ ಮೂಲೆಯಲ್ಲಿ ನಾನು ಅವನ್ನು ಆರಿಸಿದ್ದೇನೆ, ಆರಿಸಿ ಮುಗಿಯುವ ವಸ್ತುವಲ್ಲ ಅದು. ಇನ್ನು ಬೋಟಿನ ಪ್ರೊಪೆಲ್ಲರಿಗೆ ಅಂಟಿಕೊಂಡು ಹೈಡ್ರಿಲ್ಲಾ ಕಳೆ ಒಂದು ಮೂಲೆಯಿಂದ ಇನ್ನೊಂದಕ್ಕೆ ಹೋಗುತ್ತದೆ, ಒಂದು ತುಂಡು ಸಾಕು ಹೊಸ ಜಾಗದಲ್ಲಿ ಬೇರು ಬಿಡುವುದಕ್ಕೆ. ಅದನ್ನು ತಿನ್ನಿಸಲು ಈ ಕೆರೆಗೆ ಹುಲ್ಲುಗೆಂಡೆ ಮೀನು ಬಿಡಬೇಕಾಗಿ ಬಂದಿದೆ.

ನೀರಿನಾಚೆಯದೂ ಇದೆ. ಮರ ಕಡಿಯುವುದಾದರೆ ಬಾವಲಿಗಳನ್ನು ನೋಡಬೇಕು, ಉದ್ದ ಕಿವಿಯ ಒಂದು ಜಾತಿ 2022ರಲ್ಲಿ ಅಳಿವಿನಂಚಿನ ಪಟ್ಟಿಗೆ ಬಂದಿದೆ. ಬೇಸಿಗೆಯಲ್ಲಿ ಅವು ಮರಗಳಲ್ಲೇ ಮರಿ ಹಾಕುತ್ತವೆ. ಶ್ವೈನಿಟ್ಸ್ ಸೂರ್ಯಕಾಂತಿ ಅನ್ನುವ ಕಾಡು ಹೂವು ಜಗತ್ತಿನಲ್ಲಿ ಈ ಎರಡು ಕ್ಯಾರೊಲಿನಾಗಳಲ್ಲಿ ಮಾತ್ರ ಬೆಳೆಯುತ್ತದೆ, ಅದಕ್ಕೂ ಹುಡುಕಾಟ ನಡೆಯುತ್ತದೆ. ಇದನ್ನೆಲ್ಲ ಒಂದು ಡಾಕ್‌ಗಾಗಿ ನೋಡುತ್ತಾರೆ ಅಂದರೆ ಸಣ್ಣ ಮಾತಲ್ಲ, ಅಲ್ವಾ?

ಈಗ ಮೆಚ್ಚದ ಭಾಗ. ಬಿಲ್ಡರ್ ಕಡೆಯ ಸಲಹೆಗಾರರು ಬರೆದ ವರದಿ ನನಗೆ ಸರಿ ಅನ್ನಿಸಲಿಲ್ಲ. ನೀರಿನಲ್ಲಿ ಎಷ್ಟು ಬೋಟ್ ಓಡಾಡುತ್ತವೆ ಅಂತ ಎಣಿಸಿದ್ದು ಚಳಿಗಾಲದ ವಾರದ ದಿನ. ಇಲ್ಲಿ ಮೇ ಕೊನೆಯ ಮೆಮೋರಿಯಲ್ ಡೇಯಿಂದ ಸೆಪ್ಟೆಂಬರ್ ಮೊದಲಿನ ಲೇಬರ್ ಡೇ ತನಕ ಶನಿವಾರ ಮಧ್ಯಾಹ್ನ ಬಂದು ನಿಂತು ನೋಡಿದರೆ ಗೊತ್ತಾಗುತ್ತದೆ. ಆ ಅಲೆಗಳು ದಂಡೆಗೆ ಬಡಿಯುವ ಸದ್ದು ಮನೆಯೊಳಗೆ ಕೇಳುತ್ತದೆ, ಮಣ್ಣು ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಕುಸಿಯುತ್ತಿರುವುದು ಕಣ್ಣಿಗೆ ಕಾಣುತ್ತದೆ. ವರದಿಯಲ್ಲಿ ಮಾತ್ರ ಪರಿಣಾಮ ಅಲ್ಪ, ತಾತ್ಕಾಲಿಕ ಅಂತ ಬರೆದು ಮುಂದೆ ಹೋಗಿದ್ದರು. ಕಟ್ಟುವಾಗಿನ ಕೆಸರು ತಾತ್ಕಾಲಿಕ, ಒಪ್ಪುತ್ತೇನೆ. ಕಟ್ಟಿದ ಮೇಲೆ ಬರುವ ಬೋಟುಗಳು ತಾತ್ಕಾಲಿಕ ಹೇಗಾಗುತ್ತವೆ?

ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ, ಅದು ಯಾವ ಸಲಹೆಗಾರರ ತಪ್ಪೂ ಅಲ್ಲ, ಇಡೀ ವ್ಯವಸ್ಥೆ ಇರುವುದೇ ಹಾಗೆ. ಒಂದೊಂದು ಡಾಕನ್ನು ಒಂದೊಂದು ಅರ್ಜಿಯಾಗಿ ನೋಡುತ್ತಾರೆ. ಒಂದು ಡಾಕ್‌ನ ನೆರಳು 520 ಮೈಲಿ ದಂಡೆಯಲ್ಲಿ ಏನೇನೂ ಅಲ್ಲ, ಹಾಗಾಗಿ ಉತ್ತರ ಯಾವಾಗಲೂ ಅಲ್ಪ ಅಂತಲೇ ಬರುತ್ತದೆ. ಮುಂದಿನ ಅರ್ಜಿಗೂ ಅದೇ ಉತ್ತರ. ಅಲ್ಪ, ಅಲ್ಪ ಅಂತಲೇ ಕೂಡುತ್ತಾ ಹೋದರೆ ಒಂದು ದಿನ ಕೋವ್‌ನಲ್ಲಿ ಮೀನು ಮೊಟ್ಟೆ ಇಡುವ ಜಾಗವೇ ಉಳಿದಿರುವುದಿಲ್ಲ, ಮತ್ತು ಅದಕ್ಕೆ ಕಾರಣವಾದ ಅರ್ಜಿ ಇದೇ ಅಂತ ಯಾವುದನ್ನೂ ತೋರಿಸಲು ಆಗುವುದಿಲ್ಲ. ಬೆಂಗಳೂರಿನ ಕೆರೆಗಳು ಹೋಗಿದ್ದನ್ನು ಕಣ್ಣಾರೆ ನೋಡಿದ ನಮಗೆ ಇದು ಬೇಗ ಅರ್ಥವಾಗಬೇಕು. ಅಲ್ಲೂ ಯಾವ ಕೆರೆಯನ್ನೂ ಒಬ್ಬನೇ ಒಂದೇ ದಿನದಲ್ಲಿ ಮುಗಿಸಲಿಲ್ಲ.

ಹೀಗೆ ಕೂಡಿ ನೋಡಬೇಕು ಅನ್ನುವುದು ನೀಪಾ ಜಾರಿಗೆ ಅಂತ ಮಾಡಿದ 1978ರ ನಿಯಮಗಳಲ್ಲಿ ಸ್ಪಷ್ಟವಾಗಿ ಇತ್ತು. 2020ರಲ್ಲಿ ಅದನ್ನು ತೆಗೆದರು, 2022ರಲ್ಲಿ ಮತ್ತೆ ಸೇರಿಸಿದರು, 2025ರಲ್ಲಿ ಆ ನಿಯಮಗಳನ್ನೇ ಪೂರ್ತಿ ರದ್ದು ಮಾಡಿದರು. ಅದೇ ವರ್ಷ ಮೇ ತಿಂಗಳಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕೂಡ, ಪರಿಸರ ವರದಿಯಲ್ಲಿ ಎಷ್ಟು ದೂರದ ತನಕ ನೋಡಬೇಕು ಅನ್ನುವುದನ್ನು ಇಲಾಖೆಗಳ ತೀರ್ಮಾನಕ್ಕೆ ಹೆಚ್ಚಾಗಿ ಬಿಡಬೇಕು ಅಂತ ಹೇಳಿತು. ಇದರ ಜೊತೆಗೆ 2023ರ ತಿದ್ದುಪಡಿಯಿಂದ ಇಂಥ ಚಿಕ್ಕ ಪರಿಸರ ವರದಿಗೆ 75 ಪುಟದ ಮಿತಿ, ಒಂದು ವರ್ಷದ ಗಡುವು ಬಂದಿದೆ. ಗಡುವು ತಪ್ಪಲ್ಲ. ವರ್ಷಗಟ್ಟಲೆ ಎಳೆದರೆ ಬಿಲ್ಡರಿಗೂ ಕಷ್ಟ, ನಮಗೂ ಕಷ್ಟ. ಆದರೆ ಕೂಡಿ ನೋಡುವ ಕೆಲಸ ಕಡ್ಡಾಯವಲ್ಲದಿದ್ದರೆ ಅದನ್ನು ಯಾರು ಮಾಡುತ್ತಾರೆ? ದಂಡೆಯಲ್ಲಿ ಬದುಕುವವರೇ ಮಾಡಬೇಕು. ನಾನು ಈ ರಿವ್ಯೂ ಬರೆಯಲು ಕೂತಿದ್ದೇ ಈ ಒಂದು ಮಾತಿಗಾಗಿ.

ನಾವು ಮಾಡಿದ್ದೂ ಅದನ್ನೇ. 'ಡಾಕ್ ಬೇಡ, ನಮ್ಮ ನೋಟ ಹಾಳಾಗುತ್ತದೆ' ಅಂತ ಸುಮ್ನೆ ಬರೆದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಅಂಥ ಪತ್ರಗಳು ರಾಶಿ ಇರುತ್ತವೆ. ಕೋವ್‌ನಲ್ಲಿ ಈಗಾಗಲೇ ಇರುವ ಡಾಕ್‌ಗಳನ್ನು ನಕ್ಷೆಯಲ್ಲಿ ಗುರುತಿಸಿದೆವು. ಹೊಸದರಿಂದ ಎದುರು ದಂಡೆಗೆ ಎಷ್ಟು ಜಾಗ ಉಳಿಯುತ್ತದೆ ಅಂತ ತೋರಿಸಿದೆವು. ಇಲ್ಲಿ ಡಾಕ್ ಕೋವ್‌ನ ಅಗಲದ ಮೂರನೇ ಒಂದು ಪಾಲಿಗಿಂತ ಮುಂದೆ ಚಾಚಬಾರದು ಅನ್ನುವ ನಿಯಮ ಕಂಪನಿಯದೇ ಇದೆ, ಅಗಲವನ್ನು ಅಳೆಯುವಾಗ ನೀರು ಇಳಿದಾಗಿನ ಸ್ಥಿತಿಯನ್ನೂ ನೋಡಿ ಅಂತ ಕೇಳಿದೆವು. ಬೇಸಿಗೆ ಶನಿವಾರದ ಫೋಟೋ, ದಂಡೆ ಕುಸಿದ ಜಾಗದ ಹಳೆಯ ಹೊಸ ಫೋಟೋ, ವಾಟರ್ ವಿಲ್ಲೋ ಇರುವ ಜಾಗದ ಗುರುತು ಎಲ್ಲ ಕಳಿಸಿದೆವು. ಪಕ್ಕದ ಮನೆಯ ಹಿರಿಯರೊಬ್ಬರು ಮೀನು ಹಿಡಿಯುವವರು, ಯಾವ ಮೂಲೆಯಲ್ಲಿ ಯಾವ ತಿಂಗಳು ಮೀನಿನ ಗೂಡು ಕಾಣುತ್ತದೆ ಅಂತ ಅವರು ಬರೆದ ಒಂದು ಪುಟ ನಮ್ಮೆಲ್ಲರದಕ್ಕಿಂತ ಚೆನ್ನಾಗಿತ್ತು.

ಫಲ ಸಿಕ್ಕಿತಾ ಅಂದರೆ, ಅರ್ಧ ಸಿಕ್ಕಿತು. ಪರಿಷ್ಕರಿಸಿದ ನಕ್ಷೆಯಲ್ಲಿ ಡಾಕನ್ನು ಆಳವಿಲ್ಲದ ತುದಿಯಿಂದ ಹೊರಕ್ಕೆ, ನೀರು ಆಳವಿರುವ ಕಡೆಗೆ ಸರಿಸಿದ್ದಾರೆ. ಹಾಗಾಗಿ ಹೂಳೆತ್ತುವ ಕೆಲಸ ಕೈಬಿಟ್ಟಿದೆ. ದಂಡೆಯ ಗಿಡಗಳ ಒಂದು ಪಟ್ಟಿಯನ್ನು ಮುಟ್ಟುವುದಿಲ್ಲ ಅಂತ ಬರೆದುಕೊಟ್ಟಿದ್ದಾರೆ. ಬೋಟಿನ ಸಂಖ್ಯೆ ಮಾತ್ರ ನಾವು ಕೇಳಿದಷ್ಟು ಇಳಿದಿಲ್ಲ, ಅಲೆಯ ವಿಷಯಕ್ಕೆ ಉತ್ತರವೇ ಇಲ್ಲ.

ನನ್ನ ಅಂಕ: ಕಾಗದಪತ್ರ ತೆರೆದಿಡುವುದಕ್ಕೆ 5ಕ್ಕೆ 5. ಇಲಾಖೆಗಳ ಪರಿಶೀಲನೆಗೆ 4. ಬೋಟ್ ಓಡಾಟ, ಅಲೆ, ದಂಡೆ ಕುಸಿತಕ್ಕೆ 2. ಎಲ್ಲ ಡಾಕ್‌ಗಳನ್ನು ಕೂಡಿಸಿ ನೋಡುವುದಕ್ಕೆ 1, ಅದೂ ಆ ಪದ ವರದಿಯಲ್ಲಿ ಒಂದು ಕಡೆ ಇತ್ತು ಅನ್ನುವುದಕ್ಕೆ.

ಬಳಸುವವರಿಗೆ ಕೆಲವು ಮಾತು. ಫರ್ಕ್ ವೆಬ್‌ಸೈಟಿನ ಇ-ಸಬ್‌ಸ್ಕ್ರಿಪ್ಷನ್‌ನಲ್ಲಿ ನಿಮ್ಮ ಜಲಾಶಯದ ಯೋಜನೆಯ ನಂಬರ್ ಸೇರಿಸಿ, ಹೊಸ ಕಾಗದ ಬಂದಾಗೆಲ್ಲ ಮೇಲ್ ಬರುತ್ತದೆ. ಇದು ಲೇಕ್ ನಾರ್ಮನ್‌ಗೆ ಮಾತ್ರವಲ್ಲ, ಫರ್ಕ್ ಲೈಸೆನ್ಸ್ ಇರುವ ಯಾವ ಜಲಾಶಯಕ್ಕಾದರೂ ನಡೆಯುತ್ತದೆ. ನೋಟಿಸ್ ಬಂದ ಮೇಲೆ ಅಭಿಪ್ರಾಯ ಬರೆಯಲು ಸಾಮಾನ್ಯವಾಗಿ 30 ದಿನ ಇರುತ್ತದೆ. ಚಿಕ್ಕದಾಗಿ ಹೇಳುವುದಿದ್ದರೆ ಇ-ಕಾಮೆಂಟ್, ಅದರಲ್ಲಿ 6,000 ಅಕ್ಷರ ಹಿಡಿಯುತ್ತದೆ, ಫೋಟೋ ಹಾಕಲು ಆಗುವುದಿಲ್ಲ. ಫೋಟೋ, ನಕ್ಷೆ ಇದ್ದರೆ ಇ-ಫೈಲಿಂಗ್ ಬಳಸಿ. ಮನೆ ವಿಳಾಸ, ಫೋನ್ ನಂಬರ್ ಪತ್ರದೊಳಗೆ ಬರೆಯಬೇಡಿ, ಎಲ್ಲರೂ ಓದುತ್ತಾರೆ.

ಮತ್ತೆ, ತುಂಬಾ ಜನಕ್ಕೆ ಗೊತ್ತಿಲ್ಲದ ಒಂದು ವಿಷಯ. ಬರೀ ಅಭಿಪ್ರಾಯ ಬರೆದರೆ ನೀವು ಆ ಪ್ರಕರಣದಲ್ಲಿ ಪಕ್ಷಗಾರರಾಗುವುದಿಲ್ಲ. ಅದೇ ಗಡುವಿನೊಳಗೆ 'ಮೋಷನ್ ಟು ಇಂಟರ್‌ವೀನ್', ಅಂದರೆ ನನ್ನನ್ನೂ ಪ್ರಕರಣದಲ್ಲಿ ಸೇರಿಸಿಕೊಳ್ಳಿ ಅನ್ನುವ ಅರ್ಜಿ, ಬೇರೆಯಾಗಿ ಹಾಕಬೇಕು. ಅದನ್ನು ಹಾಕಿದವರು ಮಾತ್ರ ಆದೇಶ ಬಂದ 30 ದಿನದೊಳಗೆ ಮರುಪರಿಶೀಲನೆ ಕೇಳಬಹುದು, ಮರುಪರಿಶೀಲನೆ ಕೇಳಿದವರು ಮಾತ್ರ ಆಮೇಲೆ ಕೋರ್ಟಿಗೆ ಹೋಗಬಹುದು. ಇದಕ್ಕೂ ದುಡ್ಡಿಲ್ಲ. ಫರ್ಕ್‌ನಲ್ಲಿ 2021ರಿಂದ ಸಾರ್ವಜನಿಕರಿಗೆ ಸಹಾಯ ಮಾಡಲೆಂದೇ ಒಂದು ವಿಭಾಗ ಇದೆ, ಹೇಗೆ ಹಾಕುವುದು ಅಂತ ಅಲ್ಲಿ ಕೇಳಿದರೆ ಹೇಳಿಕೊಡುತ್ತಾರೆ.